ಆದರ್ಶ ಕ್ರೀಡಾಪಟು ಕಂಬಳದ ಕೋಣರಾಯರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಶ್ರೀಮಾನ್ ಕೋಣರಾಯರು,
ಹಗ್ಗ ಹಿರಿಯ ವಿಭಾಗ,
ಮೊಕ್ಕಾಂ: ಯಜಮಾನರ ಹಟ್ಟಿ.

ವಿಷಯ: ತಮ್ಮ ದಿನಚರಿಯನ್ನು ಕಾಸರಗೋಡು ಜಿಲ್ಲೆಯ ಮಕ್ಕಳಿಗೆ ಮಾದರಿಯಾಗಿ ಒದಗಿಸುವ ಕುರಿತು.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂದು ಬಲ್ಲೆ. ತಮಗೆ ಸಣ್ಣ ಕೆಮ್ಮು ಬಂದರೂ ಡಾಕ್ಟರು ಹಟ್ಟಿಗೇ ಬರುತ್ತಾರೆ. ನಮ್ಮ ಕಡೆ ಓಡುವ ಹುಡುಗನ ಕಾಲು ಉಳುಕಿದರೆ ಅವನೇ ಕುಂಟಿಕೊಂಡು ಮಂಗಳೂರಿನ ಬಸ್ಸು ಹತ್ತಬೇಕು. ಹಾಗಾಗಿ ಉಭಯಕುಶಲೋಪರಿಯನ್ನು ಇಲ್ಲಿಗೇ ನಿಲ್ಲಿಸಿ ನೇರ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿ ಈಗ ಮೈಂಡ್‌ಸೆಟ್‌ನ ಸೀಸನ್. ಕ್ಲಬ್ಬಿನ ವಾರ್ಷಿಕೋತ್ಸವ ಇರಲಿ, ಶಾಲೆಯ ಕ್ರೀಡಾ ದಿನ ಇರಲಿ, ಕಿವಿಗೆ ಮೈಕು ಸಿಕ್ಕಿಸಿಕೊಂಡ ಒಬ್ಬರು ವೇದಿಕೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಾ ಮಾತಾಡುತ್ತಾರೆ. ಆ ದಿನ ಆ ಮೈದಾನದಲ್ಲಿ ಅತಿ ಹೆಚ್ಚು ಓಡಿದವರು ಸಾಮಾನ್ಯವಾಗಿ ಅವರೇ. ಬೆಳಿಗ್ಗೆ ನಾಲ್ಕೂವರೆಗೆ ಏಳಿ, ತಣ್ಣೀರಲ್ಲಿ ಮೀಯಿರಿ, ಡೈರಿ ಬರೆಯಿರಿ, ಕಣ್ಣು ಮುಚ್ಚಿ ಗೆಲುವನ್ನು ಕಲ್ಪಿಸಿಕೊಳ್ಳಿ, ಫೋನು ದೂರ ಇಡಿ, ನಿಮ್ಮ ಎದುರಾಳಿ ಬೇರೆ ಯಾರೂ ಅಲ್ಲ ನೀವೇ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅಧ್ಯಕ್ಷರು ಶಾಲು ಹೊದಿಸುತ್ತಾರೆ. ಎಲ್ಲರಿಗೂ ಲಿಂಬೆ ಶರಬತ್ತು. ಮರುದಿನ ಅದೇ ಮೈದಾನ: ಅರ್ಧಕ್ಕೆ ಮುರಕಲ್ಲಿನ ಪಾರೆ ಎದ್ದಿದೆ, ಇನ್ನರ್ಧದಲ್ಲಿ ನಿನ್ನೆಯ ಚಪ್ಪರದ ಕಂಬ ಕಿತ್ತ ಗುಂಡಿಗಳು.

ಈ ಉಪದೇಶಗಳನ್ನೆಲ್ಲ ಅಕ್ಷರಶಃ ಪಾಲಿಸುವ ಒಬ್ಬ ಕ್ರೀಡಾಪಟುವಾದರೂ ಈ ತುಳುನಾಡಿನಲ್ಲಿ ಇದ್ದಾನೆಯೇ ಎಂದು ಹುಡುಕಿದೆ. ಒಬ್ಬರು ಸಿಕ್ಕಿದರು, ಅವರು ತಾವು.

ತಮ್ಮ ದಿನಚರಿಯನ್ನು ನಮ್ಮ ಹುಡುಗರ ಮುಂದೆ ಓದಿ ಹೇಳಬೇಕು ಎಂಬಷ್ಟು ಚಂದ ಇದೆ. ಬೆಳಕು ಹರಿಯುವ ಮುಂಚೆ ಹಟ್ಟಿಯಲ್ಲಿ ಲೈಟು ಉರಿಯುತ್ತದೆ. ಹಂಡೆಯಲ್ಲಿ ಬೆಂದ ಹುರುಳಿಯನ್ನು ಆರಿಸಿ ತೊಟ್ಟಿಗೆ ಸುರಿಯುತ್ತಾರೆ. ಕೈಯಾಡಿಸಿ ಬಿಸಿ ಇಲ್ಲವೆಂದು ನೋಡಿದ ಮೇಲೆಯೇ ಅದು ತಮ್ಮ ಮೂತಿಯ ಮುಂದೆ ಬರುತ್ತದೆ. ಮೇಯಲು ಬೈಹುಲ್ಲು, ಹಸಿಹುಲ್ಲು ಬೇರೆ. ಬಿಸಿಲು ಏರುವಾಗ ಎಣ್ಣೆ ತಿಕ್ಕುವವರು ಬರುತ್ತಾರೆ. ಅಂಗೈಯಲ್ಲಿ ಎಣ್ಣೆ ಹೊಯ್ದುಕೊಂಡು ಭುಜದ ಉಬ್ಬಿನಿಂದ ಶುರುಮಾಡಿ, ಪಕ್ಕೆಗುಂಟ ಇಳಿದು, ಹಿಂಗಾಲಿನ ಸ್ನಾಯು ಹಿಡಿದು ಮೊಣಕೈ ಊರಿ ನೀವುತ್ತಾರೆ. ಚರ್ಮ ಎಲ್ಲಿ ಸೆಟೆಯಿತು, ಎಲ್ಲಿ ತಾವು ಕಾಲು ಎತ್ತಿದಿರಿ ಎಂಬುದು ಅವರ ಬೆರಳಿಗೆ ಗೊತ್ತಾಗುತ್ತದೆ. "ಇವತ್ತು ಎಡದ ಕಾಲು ಸ್ವಲ್ಪ ಬಿಗಿ ಉಂಟು" ಎಂದು ಅವರು ಹೇಳಿದರೆ ಆ ದಿನ ಓಟದ ಅಭ್ಯಾಸ ಇಲ್ಲ. ಆಮೇಲೆ ಕೆರೆಯಲ್ಲಿ ಈಜು. ಮತ್ತೆ ಹಟ್ಟಿ, ಮತ್ತೆ ವಿಶ್ರಾಂತಿ, ಮೇಲೆ ತಿರುಗುವ ಫ್ಯಾನು. ನವೆಂಬರಿನಿಂದ ಏಪ್ರಿಲ್ ತನಕ ಸೀಸನ್, ಉಳಿದ ತಿಂಗಳುಗಳಲ್ಲಿ ಮೈ ಕಟ್ಟಿಕೊಳ್ಳುವ ಕಾಲ. ಜಗತ್ತಿನ ಯಾವ ಒಲಿಂಪಿಕ್ ತಂಡದ ಟ್ರೈನರ್ ಬಂದು ನೋಡಿದರೂ ಇದರಲ್ಲಿ ಕುಂದು ತೆಗೆಯಲಿಕ್ಕಿಲ್ಲ.

ತಮ್ಮ ಮನೋಭಾವವಂತೂ ಇನ್ನೂ ಮೇಲು. ತಾವು ಫೋನು ಮುಟ್ಟುವುದಿಲ್ಲ. ಎದುರು ಕರೆಯ (ಓಟದ ಕೆಸರುಗದ್ದೆಯ) ಜೋಡಿಯ ವಿಡಿಯೋ ನೋಡಿ ರಾತ್ರಿ ನಿದ್ದೆಗೆಡುವುದಿಲ್ಲ. ಓಟ ಶುರುವಾಗುವ ಗಂತಿನಲ್ಲಿ ನಿಂತಾಗ ನಾಳಿನ ಪೇಪರಿನಲ್ಲಿ ಹೆಸರು ಬಂದೀತೇ ಎಂಬ ಯೋಚನೆ ಇಲ್ಲ. ಓಟ ಮುಗಿಯುವ ಮಂಜೊಟ್ಟಿ ಏರಿದ ಮೇಲೆ ಲೇಸರ್ ಕಿರಣ ದಾಟಿದ್ದು ಸೆಕೆಂಡಿನ ಎಷ್ಟನೇ ನೂರನೇ ಭಾಗದಲ್ಲಿ ಎಂದು ತಿರುಗಿ ನೋಡುವುದೂ ಇಲ್ಲ. ಗೆದ್ದ ಕೋಣ, ಸೋತ ಕೋಣ ಇಬ್ಬರೂ ಹಟ್ಟಿಗೆ ಹೋಗಿ ತಿನ್ನುವುದು ಅದೇ ಹುರುಳಿ.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಏನಾಯಿತೆಂದು ತಮ್ಮ ಬಳಗಕ್ಕೆ ಗೊತ್ತಿಲ್ಲದೆ ಇರಬಹುದು, ನಮಗೆಲ್ಲ ಗೊತ್ತು. ಅಶ್ವತ್ಥಪುರದ ಶ್ರೀನಿವಾಸ ಗೌಡರು ತಮ್ಮವರ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ ನೂರು ಮೀಟರಿಗೆ 9.55 ಎಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ್ದು 9.58. ಅಲ್ಲಿಗೆ ದೇಶಕ್ಕೆ ಒಲಿಂಪಿಕ್ ಚಿನ್ನ ಗ್ಯಾರಂಟಿಯಾಯಿತು. ಕೇಂದ್ರದ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಗೌಡರು ಹೋಗಲಿಲ್ಲ. ಕೆಸರಿನಲ್ಲಿ ಹಿಮ್ಮಡಿಯ ಮೇಲೆ ಓಡುವುದು, ಟ್ರ್ಯಾಕಿನಲ್ಲಿ ಕಾಲಬೆರಳಿನ ಮೇಲೆ ಓಡುವುದು, ಎರಡೂ ಒಂದೇ ಅಲ್ಲ, ಅಲ್ಲದೆ ಇದರಲ್ಲಿ ಕೋಣಗಳ ಪಾಲೂ ಇದೆ ಎಂದುಬಿಟ್ಟರು. ದೇಶವಿಡೀ ಮೈಮರೆತಾಗ ತನ್ನ ಕಾಲಿನ ಲೆಕ್ಕ, ಕೋಣಗಳ ಕಾಲಿನ ಲೆಕ್ಕ ಬೇರೆಬೇರೆ ಇಟ್ಟುಕೊಂಡವರು ಅವರೊಬ್ಬರೇ. ನನ್ನ ಲೆಕ್ಕದಲ್ಲಿ ಆ ವರ್ಷದ ಅತ್ಯುತ್ತಮ ಮೈಂಡ್‌ಸೆಟ್ ಪ್ರಶಸ್ತಿ ಅವರಿಗೇ ಸಲ್ಲಬೇಕಿತ್ತು. ಆದರೆ ನಮಗೆ ಬೇಕಾಗಿದ್ದದ್ದು 9.55.

ಈಗ ಕೋಣರಾಯರೇ, ತಾವು ಬೇಸರಿಸದಿದ್ದರೆ ಒಂದು ಮಾತು. ಈ ಶಿಸ್ತು ತಮ್ಮದೇ?

ಬೆಳಿಗ್ಗೆ ಏಳುವವರು ತಾವಲ್ಲ, ಹುರುಳಿ ಬೇಯಿಸುವವರು. ಎಣ್ಣೆ ತಿಕ್ಕಿಸಿಕೊಳ್ಳಬೇಕೆಂದು ತಾವು ಡೈರಿಯಲ್ಲಿ ಬರೆದುಕೊಂಡವರಲ್ಲ, ಕಾಲು ಬಿಗಿ ಇದೆಯೆಂದು ಕಂಡವರು ಬೇರೆ. ಕೆರೆ ತುಂಬಿಸಿದವರು, ಹಗ್ಗ ಹಿಡಿದವರು, ಲಾರಿಗೆ ಹತ್ತಿಸುವಾಗ ಕಾಲಡಿಗೆ ಹುಲ್ಲು ಹಾಸಿದವರು, ಕಾರ್ಕಳದ ಮಿಯ್ಯಾರಿನ ಅಕಾಡೆಮಿಯಲ್ಲಿ ಓಟಗಾರರನ್ನು ತಯಾರು ಮಾಡುವವರು, ವರ್ಷಕ್ಕೆ ಲಕ್ಷಗಟ್ಟಲೆ ಸುರಿಯುವ ಯಜಮಾನರು, ಇಷ್ಟೂ ಜನರ ದಿನಚರಿ ಸೇರಿ ತಮ್ಮ ಒಂದು ದಿನಚರಿ ಆಗಿದೆ. ತಮ್ಮ ಅಭ್ಯಾಸ ಎಂದು ನಾವು ಹೊಗಳುವುದು ಒಂದಿಡೀ ಮನೆಯ ಅಭ್ಯಾಸವನ್ನು. ತಾವು ಅದರ ಮಧ್ಯೆ ನಿಂತು ಮೆಲುಕು ಹಾಕುತ್ತೀರಿ, ಅಷ್ಟೆ.

ನಮ್ಮ ಹುಡುಗನಿಗೆ ಹೇಳುವುದು ಇದಕ್ಕೆ ಪೂರಾ ತಿರುಗುಮುರುಗು. ಏಳುವುದೂ ಅವನೇ, ತನ್ನನ್ನು ಎಬ್ಬಿಸುವುದೂ ಅವನೇ. ಕಾಲು ನೀವಿಕೊಳ್ಳುವುದು ಯೂಟ್ಯೂಬ್ ನೋಡಿ. ಕೋಚ್ ಅವನೇ, ಡಾಕ್ಟರ್ ಅವನೇ, ಅಡುಗೆಯವನೂ ಅವನೇ. ಇಷ್ಟಾಗಿಯೂ ಸೋತರೆ ಕಾರಣವೂ ಅವನೇ, ಯಾಕೆಂದರೆ ಅವನ ಮೈಂಡ್‌ಸೆಟ್ ಸರಿಯಿಲ್ಲ. ಮೈದಾನ ಕೊಡಲು ದುಡ್ಡು ಬೇಕು, ಪಿ.ಟಿ. ಮಾಸ್ಟ್ರನ್ನು ನೇಮಿಸಲು ಮಕ್ಕಳ ತಲೆಯೆಣಿಕೆ ಸಾಕಾಗಬೇಕು. ಮನೋಬಲಕ್ಕೆ ಟೆಂಡರು ಕರೆಯಬೇಕಾಗಿಲ್ಲವಲ್ಲ. ಆದ್ದರಿಂದ ಅದನ್ನು ಧಾರಾಳವಾಗಿ ಹಂಚುತ್ತಾರೆ.

ಮಂಜೇಶ್ವರದ ಕಡೆಯ ಒಬ್ಬ ಹುಡುಗಿಯ ದಿನವನ್ನು ನೋಡಿ. ಬೆಳಿಗ್ಗೆ ಮದ್ರಸ ಅಥವಾ ಟ್ಯೂಷನ್, ಆಮೇಲೆ ಶಾಲೆ, ಸಂಜೆ ಬಸ್ಸು. ಅವಳಿಗೆ ಓಡಲು ಆಸೆ. ಜಿಲ್ಲೆಯಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇಲ್ಲವೇ ಎಂದರೆ ಇದೆ, ನೀಲೇಶ್ವರದ ಇ.ಎಂ.ಎಸ್. ಕ್ರೀಡಾಂಗಣದಲ್ಲಿ, ಅರವತ್ತು ಕಿಲೋಮೀಟರಿಗೂ ಆಚೆ. ಅದಕ್ಕಿಂತ ಮಂಗಳೂರಿನ ಮಂಗಳಾ ಕ್ರೀಡಾಂಗಣವೇ ಹತ್ತಿರ, ಆದರೆ ನಡುವೆ ತಲಪಾಡಿಯಲ್ಲಿ ರಾಜ್ಯವೇ ಬದಲಾಗುತ್ತದೆ. ಅವಳ ಉಪಜಿಲ್ಲಾ ಕೂಟ, ಜಿಲ್ಲಾ ಕೂಟ, ರಾಜ್ಯ ಕೂಟ ಎಲ್ಲ ದಕ್ಷಿಣಕ್ಕೆ, ಅವಳ ಬಸ್ಸು, ಆಸ್ಪತ್ರೆ, ಬೂಟಿನ ಅಂಗಡಿ ಉತ್ತರಕ್ಕೆ. 1956ರ ನವೆಂಬರ್ 1ರಂದು ಎಳೆದ ಗೆರೆ ಸ್ಟಾಪ್‌ವಾಚನ್ನೂ ಎರಡು ತುಂಡು ಮಾಡಿದೆ. ಹೋಗಲಿ, ಊರಿನಲ್ಲೇ ಓಡೋಣವೆಂದರೆ ಹೆದ್ದಾರಿ ಆರು ಪಥ ಆಗಿದೆ, ಅದರಲ್ಲಿ ಓಡುವವರಿಗೆ ಪಥವಿಲ್ಲ. ಶಾಲೆಯ ಮೈದಾನದಲ್ಲಿ ಬಟ್ಟೆ ಬದಲಾಯಿಸಲು ಕೋಣೆಯಿಲ್ಲ. ಕತ್ತಲಾದರೆ ಮನೆಯಲ್ಲಿ ಆತಂಕ. ಇವೆಲ್ಲ ದಾಟಿ ಅವಳು ಜಿಲ್ಲಾ ಮಟ್ಟದಲ್ಲಿ ಬಹುಮಾನ ತಂದಳೆನ್ನಿ, ಆಗ ನೆಂಟರು ಕೇಳುವ ಮೊದಲ ಪ್ರಶ್ನೆ: "ಗ್ರೇಸ್ ಮಾರ್ಕ್ ಎಷ್ಟು ಸಿಗ್ತದೆ?" ಎಸ್ಸೆಸ್ಸೆಲ್ಸಿಗೆ, ಪ್ಲಸ್ ಟುವಿಗೆ ಅಂಕ ಸೇರಿದ ಮರುದಿನ ಸ್ಪೈಕ್ಸ್ ಅಟ್ಟ ಸೇರುತ್ತದೆ. ಇಷ್ಟೂ ಆದ ಮೇಲೆ ಮೈಕಿನವರು ಬಂದು ಅವಳಿಗೆ ಹೇಳುತ್ತಾರೆ: ನೆಪ ಹುಡುಕಬೇಡ.

ಹಾಗಾದರೆ ನಮ್ಮ ಜಿಲ್ಲೆಯಿಂದ ಯಾರೂ ಮೇಲೆ ಬಂದಿಲ್ಲವೇ? ಬಂದಿದ್ದಾರೆ ರಾಯರೇ. ಅವರ ಕತೆಯನ್ನೇ ಮೈಕಿನವರೂ ಹೇಳುವುದು, ಅರ್ಧ ಬಿಟ್ಟು.

ತಳಂಗರೆಯ ಕ್ರಿಕೆಟಿಗ ಮೊಹಮ್ಮದ್ ಅಝರುದ್ದೀನ್ ಇದ್ದಾರೆ. 2021ರ ಜನವರಿ 13ರಂದು ಮುಂಬೈಯ ವಾಂಖೆಡೆಯಲ್ಲಿ, ಮುಷ್ತಾಕ್ ಅಲಿ ಟ್ರೋಫಿಯಲ್ಲಿ, ಮುಂಬೈ ತಂಡದ ಎದುರು 54 ಎಸೆತಗಳಲ್ಲಿ ಔಟಾಗದೆ 137. ಶತಕ ಬಂದದ್ದು 37 ಎಸೆತಕ್ಕೆ. 197ರ ಗುರಿಯನ್ನು ಕೇರಳ 15.5 ಓವರಿನಲ್ಲಿ ಮುಟ್ಟಿಬಿಟ್ಟಿತು. ಆಗ ಪೇಪರಿನವರಿಗೆ ಅವರು ಬರೆದಿಟ್ಟುಕೊಂಡಿದ್ದ ಒಂದು ಪಟ್ಟಿ ಸಿಕ್ಕಿತು: ಐಪಿಎಲ್, ರಣಜಿಯಲ್ಲಿ ನಾಲ್ಕು ಶತಕ, ಸ್ವಂತ ಮನೆ, ಬೆಂಝ್ ಕಾರು, 2023ರ ವಿಶ್ವಕಪ್. ಉಪದೇಶಕರಿಗೆ ಹಬ್ಬ. ನೋಡಿ ಮಕ್ಕಳೇ, ಗುರಿ ಬರೆದಿಡಬೇಕು, ಬರೆದರೆ ಆಗುತ್ತದೆ.

ಬರೆದದ್ದು ಆಯಿತೇ? ಆ ವರ್ಷ ಬೆಂಗಳೂರಿನ ಆರ್‌ಸಿಬಿ ಅವರನ್ನು 20 ಲಕ್ಷಕ್ಕೆ ಕೊಂಡಿತು, ಆ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. 2023ರ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು, ಅದರಲ್ಲಿ ಅವರಿರಲಿಲ್ಲ. ಆ ನಡುವಿನ ವರ್ಷಗಳಲ್ಲಿ ಯಾವ ವೇದಿಕೆಯಲ್ಲೂ ಆ ಪಟ್ಟಿಯ ಸುದ್ದಿ ಬರಲಿಲ್ಲ. ಆಮೇಲೆ 2025ರ ಫೆಬ್ರವರಿಯಲ್ಲಿ ಅಹಮದಾಬಾದಿನಲ್ಲಿ ಗುಜರಾತಿನ ಎದುರು ರಣಜಿ ಸೆಮಿಫೈನಲ್. ಅದೇ ಅಝರುದ್ದೀನ್ 341 ಎಸೆತ ಆಡಿ ಔಟಾಗದೆ 177 ಮಾಡಿದರು. ಕೇರಳ 457. ಗುಜರಾತ್ ಬೆನ್ನಟ್ಟಿ ಬಂದು 455ಕ್ಕೆ ನಿಂತಿತು. ಕೊನೆಯ ವಿಕೆಟ್ ಬಿದ್ದ ಬಗೆ ಕೇಳಿ: ಬ್ಯಾಟಿನಿಂದ ಸಿಡಿದ ಚೆಂಡು ಹತ್ತಿರ ನಿಂತಿದ್ದ ಸಲ್ಮಾನ್ ನಿಝಾರ್ ಅವರ ಹೆಲ್ಮೆಟ್ಟಿಗೆ ಬಡಿದು ಮೇಲಕ್ಕೆ ಹಾರಿ ಸ್ಲಿಪ್ಪಿನಲ್ಲಿದ್ದ ಸಚಿನ್ ಬೇಬಿಯ ಕೈಗೆ ಬಿತ್ತು. ಮೊದಲ ಇನಿಂಗ್ಸಿನಲ್ಲಿ ಎರಡು ರನ್ನಿನ ಮುನ್ನಡೆ, ಕೇರಳಕ್ಕೆ ಇತಿಹಾಸದಲ್ಲೇ ಮೊದಲ ರಣಜಿ ಫೈನಲ್.

ಹೆಲ್ಮೆಟ್ಟಿಗೆ ಚೆಂಡು ಬಡಿಯಲಿ ಎಂದು ಯಾವ ಡೈರಿಯಲ್ಲೂ ಬರೆಯಲಾಗುವುದಿಲ್ಲ. ಆದರೆ ಆ ಅದೃಷ್ಟ ಕೆಲಸಕ್ಕೆ ಬರಬೇಕಾದರೆ ಮೊದಲು ಯಾರಾದರೂ 341 ಎಸೆತ ನಿಂತಿರಬೇಕು. 54 ಎಸೆತದ ಆಟವನ್ನು ಊರೆಲ್ಲ ಮೊಬೈಲಿನಲ್ಲಿ ಇಟ್ಟುಕೊಂಡಿದೆ. 341 ಎಸೆತದ ಆಟವನ್ನು ಪೂರ್ತಿ ನೋಡಿದವರನ್ನು ತಳಂಗರೆಯಲ್ಲೂ ಹುಡುಕಬೇಕು. ಅದರಲ್ಲಿ ಬಹುಪಾಲು ಚೆಂಡನ್ನು ಬಿಟ್ಟದ್ದು, ತಡೆದದ್ದು, ಗ್ಲೌಸ್ ಬಿಗಿ ಮಾಡಿಕೊಂಡದ್ದು, ಮತ್ತೆ ಬಿಟ್ಟದ್ದು. ಒಳ್ಳೆಯ ಅಭ್ಯಾಸ ಎಂದರೆ ಇದು, ಎದುರು ಕೂತವರಿಗೆ ಆಕಳಿಕೆ ಬರುವಂಥದು. ಪಟ್ಟಿ ಕೈಕೊಟ್ಟ ಮೇಲೂ ನೆಟ್ಸಿಗೆ ಹೋಗುತ್ತಿದ್ದವರ ಪಾಲಿಗೆ ಮಾತ್ರ ಪಟ್ಟಿಗೆ ಬೆಲೆ.

ಇನ್ನು ಬಿಟ್ಟುಹೋದ ಅರ್ಧ. ಅಝರುದ್ದೀನ್ ಎಂಟು ಅಣ್ಣತಮ್ಮಂದಿರಲ್ಲಿ ಕೊನೆಯವರು. ಆ ಹೆಸರೂ ಕ್ರಿಕೆಟ್ ಹುಚ್ಚಿನ ಅಣ್ಣನೊಬ್ಬ ಹೈದರಾಬಾದಿನ ಅಝರುದ್ದೀನರ ಮೇಲಿನ ಅಭಿಮಾನಕ್ಕೆ ಹಟ ಹಿಡಿದು ಇಡಿಸಿದ್ದು. ಕಣ್ಣು ಬಿಡುವಾಗಲೇ ಮನೆಯಲ್ಲಿ ಬ್ಯಾಟು ಇದ್ದ, ಹೊರಗೆ ಕ್ಲಬ್ಬು ಇದ್ದ, ಬೌಲಿಂಗ್ ಮಾಡಲು ಅಣ್ಣಂದಿರಿದ್ದ ಹುಡುಗ ಅವರು. ಅಣ್ಣಂದಿರ ಪಾಲು ಕಳೆದರೆ ಉಳಿಯುವುದು ಒಂದು ಕಾಗದದ ಪಟ್ಟಿ ಮಾತ್ರ. ಬೇಕಿದ್ದರೆ ಆ ಅಣ್ಣಂದಿರ ಪಾಲನ್ನೂ ತಮ್ಮ ಹಟ್ಟಿಯ ಲೆಕ್ಕಕ್ಕೆ ಸೇರಿಸಿಕೊಳ್ಳಬಹುದು.

ಕಬಡ್ಡಿಯ ಕಡೆ ಬನ್ನಿ. ಕೊಡಕ್ಕಾಡಿನ ಇ. ಭಾಸ್ಕರನ್ ಭಾರತ ಕಬಡ್ಡಿ ತಂಡದ ತರಬೇತುದಾರರಾದರು. ಕುಂಬಳೆಯ ಜಗದೀಶ್ ಕುಂಬ್ಳೆ ಪ್ರೊ ಕಬಡ್ಡಿಯಲ್ಲಿ ತೆಲುಗು ಟೈಟನ್ಸಿಗೆ ಕೋಚ್ ಆದರು. ಇಂಥವರು ಹೇಗೆ ತಯಾರಾಗುತ್ತಾರೆ ಎಂದು ನೋಡಬೇಕಾದರೆ ಸಂಜೆ ಐದೂವರೆಗೆ ಯಾವುದಾದರೂ ಕ್ಲಬ್ಬಿನ ಅಂಕಣಕ್ಕೆ ಹೋಗಬೇಕು. ಅಡಿಕೆ ತೋಟದ ಬದಿ, ಸಮ ಮಾಡಿದ ಒಂದು ತುಂಡು ಕೆಂಪು ನೆಲ, ಸುಣ್ಣದ ಗೆರೆ. ಗೆರೆಯ ಹೊರಗೆ ಒಬ್ಬ ನಿವೃತ್ತ ಆಟಗಾರ ಲುಂಗಿ ಎತ್ತಿ ಕಟ್ಟಿ ಕುಕ್ಕುರು ಕೂತಿರುತ್ತಾನೆ. ಕಾರ್ನರಿನ ಹುಡುಗ ರೈಡರನ ಕಾಲು ಹಿಡಿಯಲು ಮುಂದೆ ಬಗ್ಗುತ್ತಾನೆ, ಒಂದು ಅಂಗುಲ ಬೇಗ. "ಏ, ಕಾಯಿ ಮಾರಾಯ! ಅವ ನಿನ್ನ ಕಡೆಗೇ ಬರ್ತಾನೆ." ಮತ್ತೆ ರೈಡು. ಮತ್ತೆ ಬೇಗ. ಮತ್ತೆ ಬೈಗುಳ, ಈ ಸಲ ತುಳುವಿನಲ್ಲಿ. ಏಳು ಮಂದಿ ಕೈಗೆ ಕೈ ಕೋದು ಹಿಂದೆ ಸರಿಯುತ್ತಾರೆ, ಮುಂದೆ ಬರುತ್ತಾರೆ, ಒಬ್ಬನ ಹೆಜ್ಜೆ ತಪ್ಪಿದರೆ ಏಳೂ ಮಂದಿಗೆ ಗೊತ್ತಾಗುತ್ತದೆ. ಕತ್ತಲಾಗಿ ಗೆರೆ ಕಾಣದಾದಾಗ ಆ ಹುಡುಗ ಒಂದು ಸಲ, ಒಂದೇ ಸಲ, ಕಾಯುತ್ತಾನೆ. ಕಾಲು ಬಂತು, ಹಿಡಿದ. ಕುಕ್ಕುರು ಕೂತವನು ಏನೂ ಹೇಳುವುದಿಲ್ಲ, ಬೀಡಿ ಹಚ್ಚುತ್ತಾನೆ. (ಬೀಡಿ ಮಾತ್ರ ಅನುಕರಣೀಯವಲ್ಲ.) ಆ ಹುಡುಗನಿಗೆ ಮರುದಿನವೂ ಹೋಗಲು ಯಾವ ಅಲಾರಂ ಬೇಕು? ಹೋಗದಿದ್ದರೆ ಉಳಿದ ಆರು ಮಂದಿ ಮನೆಗೇ ಬರುತ್ತಾರೆ. ತಾಳ್ಮೆ ಎಂಬ ಗುಣ ಅವನಿಗೆ ಬಂದದ್ದು ಹೀಗೆ, ಕಾಲಿನ ಮೂಲಕ, ಆರು ಜನರ ಸಾಕ್ಷಿಯಲ್ಲಿ. ಹೊನಲು ಬೆಳಕಿನ ಪಂದ್ಯಾಟದಲ್ಲಿ ಕಾಣುವುದು ಆ ಗುಣದ ಪ್ರದರ್ಶನ ಮಾತ್ರ. ದಕ್ಷಿಣಕ್ಕೆ ಹೋದರೆ ತೃಕ್ಕರಿಪುರದಲ್ಲಿ ಇದೇ ಕತೆ ಫುಟ್ಬಾಲಿನಲ್ಲಿ. 2016ರ ಐಎಸ್ಎಲ್ ಫೈನಲ್ಲಿನಲ್ಲಿ ಕೊಚ್ಚಿಯ ತುಂಬಿದ ಕ್ರೀಡಾಂಗಣದೆದುರು ಕೇರಳ ಬ್ಲಾಸ್ಟರ್ಸಿಗೆ ತಲೆಯಿಂದ ಗೋಲು ಹೊಡೆದ ಮುಹಮ್ಮದ್ ರಾಫಿ ಆ ಊರಿನವರು. ಗಲ್ಲಿಗೊಂದು ಕ್ಲಬ್ಬು ಇರುವ ಊರಿನಲ್ಲಿ ಚೆಂಡಿನಿಂದ ತಪ್ಪಿಸಿಕೊಳ್ಳುವುದೇ ಕಷ್ಟ.

ಕುಂಬಳೆಯ ಹೆಸರು ಬಂದಮೇಲೆ ಅನಿಲ್ ಕುಂಬ್ಳೆಯನ್ನು ಬಿಡಲು ಉಪದೇಶಕರು ಬಿಟ್ಟಾರೆಯೇ? ಹುಟ್ಟಿ ಬೆಳೆದದ್ದು ಬೆಂಗಳೂರು, ಮನೆತನದ ಬೇರು ನಮ್ಮ ಕುಂಬಳೆ. 2002ರ ಮೇ ತಿಂಗಳಲ್ಲಿ ಆಂಟಿಗುವಾದಲ್ಲಿ ಬ್ಯಾಟಿಂಗ್ ಮಾಡುವಾಗ ದವಡೆ ಮುರಿಯಿತು, ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು ಸತತ 14 ಓವರ್ ಎಸೆದರು, ಬ್ರಯಾನ್ ಲಾರಾರನ್ನು ಔಟ್ ಮಾಡಿದರು. ಈ ಫೋಟೋ ಹಾಕದ ಸ್ಲೈಡ್ ಶೋ ಇಲ್ಲ. ನೋವಿದ್ದರೂ ಆಡಬೇಕು, ಎನ್ನುತ್ತಾರೆ. ಆಮೇಲೆ ಅವರು ವಿಮಾನ ಹತ್ತಿ ಊರಿಗೆ ಬಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು ಎಂಬ ಸ್ಲೈಡ್ ಮಾತ್ರ ಕರೆಂಟು ಹೋಗಿ ತೋರಿಸಲಾಗುವುದಿಲ್ಲ. ಪ್ರೌಢ ಆಟಗಾರನೊಬ್ಬ ಒಂದು ಟೆಸ್ಟಿನಲ್ಲಿ ಒಂದು ಮಧ್ಯಾಹ್ನ ತೆಗೆದುಕೊಂಡ ತೀರ್ಮಾನವನ್ನು ಹದಿಮೂರು ವರ್ಷದ ಮಗುವಿನ ಊದಿದ ಮಂಡಿಗೆ ಕಟ್ಟುವುದು ಸಾಹಸವಲ್ಲ, ಅಪಾಯ. 132 ಟೆಸ್ಟ್ ಆಡಿ 619 ವಿಕೆಟ್ ಪಡೆಯಬೇಕಾದರೆ ಮೈಯನ್ನು 18 ವರ್ಷ ಕಾಪಾಡಿಕೊಂಡಿರಬೇಕು. ದವಡೆಯ 14 ಓವರಿಗಿಂತ ಆ 18 ವರ್ಷದ ಭುಜದ ಆರೈಕೆಯನ್ನು ಮಕ್ಕಳಿಗೆ ಹೇಳಿಕೊಟ್ಟರೆ ಪ್ರಯೋಜನ ಹೆಚ್ಚು, ಚಪ್ಪಾಳೆ ಕಡಿಮೆ.

ಇನ್ನೊಂದು ಮಂತ್ರ, 21 ದಿನದ ಚಾಲೆಂಜ್. ಇಪ್ಪತ್ತೊಂದು ದಿನ ಮಾಡಿದರೆ ಯಾವುದಾದರೂ ಅಭ್ಯಾಸವಾಗುತ್ತದೆಯಂತೆ. ಈ ಸಂಖ್ಯೆ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಝ್ 1960ರಲ್ಲಿ ಬರೆದ ಪುಸ್ತಕದಿಂದ ಹೊರಟದ್ದು. ರೋಗಿಗಳಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ ಇಷ್ಟು ದಿನ ಬೇಕಾಗುತ್ತದೆ ಎಂದು ಅವರು ಕಂಡಿದ್ದರು. ಮುಖದ ಲೆಕ್ಕ ಕಾಲಿಗೆ ಬಂತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಹಿಡಿದು ನೋಡಿದಾಗ ಒಂದು ಕೆಲಸ ತಾನೇ ತಾನಾಗಿ ನಡೆಯುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. ನಡುವೆ ಒಂದು ದಿನ ತಪ್ಪಿದರೆ ಕೆಡುಕೇನೂ ಆಗುವುದಿಲ್ಲ ಎಂದೂ ಕಂಡಿತು. ನಮ್ಮ ಜೂನ್, ಜುಲೈ ಮಳೆಯಲ್ಲಿ ಇದು ದೊಡ್ಡ ಸಮಾಧಾನ. 22ನೇ ದಿನ ಮಲಗಿಬಿಟ್ಟ ಹುಡುಗನಿಗೆ ಯಾರಾದರೂ ಈ ಸುದ್ದಿ ಮುಟ್ಟಿಸಬೇಕು.

ಆಹಾರ, ನಿದ್ದೆಯ ವಿಷಯದಲ್ಲಿ ನಾವು ತಮ್ಮ ಶಿಷ್ಯರಾಗಲೇಬೇಕು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಅದನ್ನು ಬೇಯಿಸಿ ತಮಗಿಟ್ಟು ಮಗನಿಗೆ ಸಾವಿರಗಟ್ಟಲೆ ಕೊಟ್ಟು ಪ್ಲಾಸ್ಟಿಕ್ ಡಬ್ಬದ ಪುಡಿ ತರುವ ಮನೆಗಳು ನಮ್ಮಲ್ಲಿವೆ. ಕರಾವಳಿಯ ಸೆಕೆಯಲ್ಲಿ ಬೆವರಿದ ಮೇಲೆ ಕುಚ್ಚಲಕ್ಕಿ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿದರೆ ಆಗುವ ಕೆಲಸಕ್ಕೆ ಬಣ್ಣದ ಬಾಟಲಿ ಬೇಕಿಲ್ಲ. ಬೂತಾಯಿ ಸಾರು ತಿನ್ನುವವರಿಗೆ ಇನ್ನೂ ಅನುಕೂಲ. ನಿದ್ದೆಯನ್ನು ಮಾತ್ರ ನಾವು ಸೋಮಾರಿತನದ ಪಟ್ಟಿಗೆ ಸೇರಿಸಿದ್ದೇವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬಾಸ್ಕೆಟ್‌ಬಾಲ್ ಆಡುವ 11 ಹುಡುಗರನ್ನು ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರಲು ಬಿಟ್ಟು ನೋಡಿದರು. ಅವರ ಓಟ ಚುರುಕಾಯಿತು, ಚೆಂಡು ಬುಟ್ಟಿಗೆ ಬೀಳುವುದು ಶೇಕಡಾ 9ರಷ್ಟು ಹೆಚ್ಚಿತು. 2011ರಲ್ಲಿ ಪ್ರಕಟವಾದ ಅಧ್ಯಯನ. ರಾತ್ರಿ ಹನ್ನೊಂದರ ತನಕ ಟ್ಯೂಷನ್ ನೋಟ್ಸು ಬರೆಸಿ ನಾಲ್ಕೂವರೆಗೆ ಎಬ್ಬಿಸುವವರು ಮಗುವಿನಲ್ಲಿ ಬೆಳೆಸುವುದು ಶಿಸ್ತನ್ನಲ್ಲ, ತೂಕಡಿಕೆಯನ್ನು.

ಇಷ್ಟು ಹೊಗಳಿದ ಮೇಲೆ ಕೋಣರಾಯರೇ, ತಮ್ಮಲ್ಲಿ ಇಲ್ಲದ ಒಂದನ್ನು ಹೇಳದೆ ಪತ್ರ ಮುಗಿಸಿದರೆ ಅದು ಮುಖಸ್ತುತಿಯಾಗುತ್ತದೆ. ತಮಗೆ ಒಲ್ಲೆ ಎನ್ನುವ ಅಧಿಕಾರ ಇಲ್ಲ. ತಮ್ಮ ಬೆನ್ನಿನ ಮೇಲೆ ಬೀಳುವ ಏಟಿನ ವಿಚಾರ ನ್ಯಾಯಾಲಯದ ತನಕ ಹೋಯಿತು. 2014ರ ಸುಪ್ರೀಂ ಕೋರ್ಟ್ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು, 2017ರಲ್ಲಿ ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದಿತು, 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಒಂಬತ್ತು ವರ್ಷ ದೇಶ ತಮ್ಮ ಬೆನ್ನಿನ ಬಗ್ಗೆ ವಾದ ಮಾಡಿತು. ಓಟದಲ್ಲಿ ನಾಲ್ಕನೆಯವಳಾದ ಹುಡುಗಿಯನ್ನು ಎಲ್ಲರೆದುರು ದಪ್ಪಗಾಗಿದ್ದಿ ಎಂದು ಜರೆಯುವ ಮಾತಿನ ಬಗ್ಗೆ ನಮ್ಮ ರಕ್ಷಕ-ಶಿಕ್ಷಕ ಸಭೆಯಲ್ಲಿ ಒಂಬತ್ತು ನಿಮಿಷದ ಚರ್ಚೆಯೂ ಆಗುವುದಿಲ್ಲ. ಆ ಮಾತಿಗೆ ಮೋಟಿವೇಶನ್ ಎಂದು ಹೆಸರು.

ಮನುಷ್ಯ ಮಗುವಿಗೆ ಬೇಕಾದ ಮನೋಭಾವದ ಪಾಠ ಶುರುವಾಗುವುದೇ ಇಲ್ಲಿಂದ. ಎಡಗಾಲು ಬಿಗಿ ಇದೆ ಎಂದು ಬೇರೆಯವರ ಬೆರಳು ಹೇಳುವ ತನಕ ಕಾಯದೆ ತಾನೇ ಬಾಯಿಬಿಟ್ಟು ಹೇಳುವುದು. ಇವತ್ತಿನ ಸಮಯವನ್ನು ಪಕ್ಕದ ಮನೆಯವನದಕ್ಕಲ್ಲ, ತನ್ನ ಹೋದ ತಿಂಗಳಿನದಕ್ಕೆ ಹೋಲಿಸಿ ಒಂದು ಸಾಲು ಬರೆದಿಡುವುದು. ಓಡುವ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡುವುದು, ಅದನ್ನು ಯಾರೂ ನೋಡದ ದಿನವೂ ಮಾಡುವುದು. ಸೋತ ದಿನ ಎದುರಾಳಿಯ ಹತ್ತಿರ ಹೋಗಿ ನೀನು ಹೇಗೆ ಮಾಡಿದ್ದಿ ಎಂದು ಕೇಳುವುದು. ಬಿಡಬೇಕಾದ ಚೆಂಡನ್ನು ಬಿಡುವುದು. ಸಾಕು ಅನಿಸಿದ ದಿನ ಸಾಕು ಅನ್ನುವುದು, ಬೇಕು ಅನಿಸಿದರೆ ಯಾರೂ ಕರೆಯದಿದ್ದರೂ ಹಿಂದಿರುಗುವುದು. ಇಷ್ಟನ್ನು ಮಗು ಮಾಡಬಲ್ಲದು, ಮಾಡಲೂಬೇಕು. ಇದಕ್ಕೆ ಉಪದೇಶಕರು ಬೇಕಾಗಿಲ್ಲ, ಗೆರೆಯ ಹೊರಗೆ ಕುಕ್ಕುರು ಕೂರುವ ಒಬ್ಬರು ಸಾಕು. ಉಳಿದದ್ದು, ಅಂದರೆ ಹುರುಳಿ ಬೇಯಿಸುವುದು, ಕೆರೆ ತುಂಬಿಸುವುದು, ಲೈಟು ಹಾಕುವುದು, ನಮ್ಮ ಕೆಲಸ. ನಮ್ಮ ಪಾಲಿನ ಆಲಸ್ಯವನ್ನು ಮಗುವಿನ ಮನೋಬಲದ ಖಾತೆಗೆ ಬರೆಯುವುದನ್ನು ನಿಲ್ಲಿಸಬೇಕು.

ಆದುದರಿಂದ ತಮ್ಮಲ್ಲಿ ವಿನಂತಿ. ತಮ್ಮ ಮಾತಿಗೆ ಈ ನಾಡಿನಲ್ಲಿ ಬೆಲೆ ಇದೆ. ತಾವು ಸೋತರೆ ಊರು ಹುರುಳಿಯನ್ನೂ ಎಣ್ಣೆಯನ್ನೂ ಓಟಗಾರನನ್ನೂ ಕರೆಯ ಕೆಸರನ್ನೂ ಪರಿಶೀಲಿಸುತ್ತದೆ, ಕೋಣನ ಮೈಂಡ್‌ಸೆಟ್ ಸರಿಯಿಲ್ಲ ಎಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಆ ಒಂದು ಸೌಜನ್ಯವನ್ನು ನಮ್ಮ ಮಕ್ಕಳಿಗೂ ವಿಸ್ತರಿಸುವಂತೆ ತಮ್ಮ ಯಜಮಾನರ ಮೂಲಕ ಪಂಚಾಯತಿಗೆ ಒಂದು ಮಾತು ಹೇಳಿಸಬೇಕು. ನಮ್ಮ ಜಿಲ್ಲೆಯ ಪೈವಳಿಕೆಯಲ್ಲೂ ಕಂಬಳ ನಡೆದದ್ದಿದೆ, ಆ ಕಡೆ ಬಂದಾಗ ಸಾಧ್ಯವಾದರೆ ಖುದ್ದಾಗಿ ಕಚೇರಿಯ ಬಾಗಿಲಿಗೇ ಬರಬೇಕು. ತಮ್ಮ ಗಾತ್ರದವರು ಹೊಸ್ತಿಲಲ್ಲಿ ನಿಂತರೆ ಫೈಲು ಬೇಗ ಚಲಿಸುತ್ತದೆ.

ಇತಿ,
ತಮ್ಮ ವಿಶ್ವಾಸಿ,
ಕಾಸರಗೋಡಿನ ಒಬ್ಬ ಕ್ರೀಡಾಪ್ರೇಮಿ

ವಿ.ಸೂ.: ಮುಂದಿನ ತಿಂಗಳು ನಮ್ಮ ಶಾಲೆಗೆ ಇನ್ನೊಬ್ಬ ಮೈಂಡ್‌ಸೆಟ್ ತಜ್ಞರು ಬರುತ್ತಿದ್ದಾರೆ. ಅವರಿಗೆ ಕೊಡುವ ಗೌರವಧನದಲ್ಲಿ ಮೈದಾನದ ಗುಂಡಿಗೆ ಎರಡು ಲೋಡು ಮಣ್ಣು ಬರುತ್ತದೆ ಎಂದು ವಿಚಾರಿಸಿ ತಿಳಿದುಕೊಂಡೆ. ಸಮಿತಿಯವರು ಒಪ್ಪಲಿಲ್ಲ, ಮಣ್ಣಿಗೆ ಶಾಲು ಹೊದಿಸಿ ಫೋಟೋ ತೆಗೆಯಲಾಗುವುದಿಲ್ಲವಂತೆ. ಹಾಗಾಗಿ ಮಣ್ಣನ್ನು ನಾವು ಕೆಲವರು ಸೇರಿ ತರಿಸುತ್ತಿದ್ದೇವೆ. ಹಾರೆ ಇರುವವರು ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಬನ್ನಿ. ನಾಲ್ಕೂವರೆಗೆ ಬರಬೇಕಾಗಿಲ್ಲ.